ಪುಣಜನೂರಿಗೆ ಹೊತ್ತೊಯ್ದ ಸೂಕ್ಷ್ಮದರ್ಶಕ

ಡಿಗ್ರಿ ಮುಗಿಸಿದ ವರ್ಷವೇ ನನಗೆ ಕೆಲಸ ಸಿಕ್ಕಿತು. ಚಾಮರಾಜನಗರದ ಹೊರಗೆ, ಗುಂಡ್ಲುಪೇಟೆ ರಸ್ತೆಯ ಬದಿಯಲ್ಲಿ, ಖಾಸಗಿಯವರ ಒಂದು ರೇಷ್ಮೆ ಬಿತ್ತನೆ ಕೋಠಿ. ಶೀಟು ಹೊದಿಸಿದ ಎರಡು ಉದ್ದನೆಯ ಕಟ್ಟಡ, ನಡುವೆ ಒಂದು ಹೊಂಗೆಮರ, ಅದರ ಕೆಳಗೆ ಕೈ ತೊಳೆಯುವ ನಲ್ಲಿ. ರೈತರು ಸಾಕುವ ರೇಷ್ಮೆಹುಳುವಿಗೆ ಬೇಕಾದ ಮೊಟ್ಟೆ ತಯಾರಾಗುವುದು ಇಂಥ ಕಡೆ. ಆಯ್ದ ಕೆಲವು ರೈತರು ಬಿತ್ತನೆಗೆಂದೇ ಗೂಡು ಬೆಳೆದು ನಮಗೆ ಕೊಡುತ್ತಾರೆ. ಗೂಡು ಒಡೆದು ಚಿಟ್ಟೆ ಹೊರಬರುತ್ತದೆ, ಗಂಡು ಹೆಣ್ಣು ಕೂಡುತ್ತವೆ, ಹೆಣ್ಣು ಹಾಳೆಯ ಮೇಲೆ ಮೊಟ್ಟೆ ಇಡುತ್ತದೆ. ಆ ಹಾಳೆಗಳು ಜಿಲ್ಲೆಯ ಹುಳದ ಮನೆಗಳಿಗೆ ಹೋಗುತ್ತವೆ. ಹೋಗುವ ಮೊದಲು ಒಂದು ಪರೀಕ್ಷೆ ಆಗಬೇಕು. ಆ ಪರೀಕ್ಷೆ ಮಾಡುವುದು ನನ್ನ ಕೆಲಸ.

ರೇಷ್ಮೆಹುಳುವಿಗೆ ಗಂಟುರೋಗ ಅಂತ ಒಂದಿದೆ. ಉಳಿದ ರೋಗಗಳು ಬಂದರೆ ಆ ಬೆಳೆ ಹೋಗುತ್ತದೆ, ಅಷ್ಟಕ್ಕೆ ನಿಲ್ಲುತ್ತದೆ. ಗಂಟುರೋಗ ಹಾಗಲ್ಲ. ತಾಯಿಗಿದ್ದರೆ ಮೊಟ್ಟೆಯೊಳಗೇ ಮಕ್ಕಳಿಗೆ ಹೋಗುತ್ತದೆ. ರೋಗದ ಮೊಟ್ಟೆ ಹತ್ತು ಊರಿಗೆ ಹಂಚಿದರೆ ಹತ್ತೂರಿನ ಹುಳದ ಮನೆ ಹಾಳು. ಬರಿಗಣ್ಣಿಗೆ ಆ ಮೊಟ್ಟೆಯೂ ಒಂದೇ, ಈ ಮೊಟ್ಟೆಯೂ ಒಂದೇ. ಆದ್ದರಿಂದ ಮೊಟ್ಟೆ ಇಟ್ಟು ಮುಗಿಸಿದ ತಾಯಿ ಚಿಟ್ಟೆಯನ್ನು ಕ್ಷಾರದ ನೀರಿನಲ್ಲಿ ಅರೆದು, ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗದ ಕಣ ಒಂದು ಕಂಡರೂ ಆ ಮೊಟ್ಟೆಯನ್ನು ಸುಡಬೇಕು.

ಕೆಲಸ ಸಿಕ್ಕಿದ ಖುಷಿಯಲ್ಲಿ ನಾನು ಒಂದು ವಿಷಯ ಯೋಚಿಸಿರಲಿಲ್ಲ. ಗುಂಡ್ಲುಪೇಟೆಯ ಕಾಲೇಜಿನಲ್ಲಿ ನಾವು ಸೂಕ್ಷ್ಮದರ್ಶಕ ನೋಡಿದ್ದು ಸಾಲಿನಲ್ಲಿ ನಿಂತು. ಮೇಷ್ಟ್ರು ಈರುಳ್ಳಿ ಸಿಪ್ಪೆ ಇಟ್ಟು ಸರಿಮಾಡಿರುತ್ತಿದ್ದರು, ನಾವು ಒಂದು ಕ್ಷಣ ಬಗ್ಗಿ ನೋಡಿ ಮುಂದೆ ಹೋಗುತ್ತಿದ್ದೆವು, ಚಿತ್ರವನ್ನು ಪುಸ್ತಕ ನೋಡಿ ಬರೆಯುತ್ತಿದ್ದೆವು. ತಿರುಪು ಮುಟ್ಟಿದ್ದೇ ಇಲ್ಲ. ಕೋಠಿಯಲ್ಲಿ ಮೊದಲ ದಿನ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು ಕಣ್ಣಿಟ್ಟಾಗ ನನಗೆ ಕಂಡದ್ದು ಕಪ್ಪು ಕಪ್ಪು ಗರಿಕೆಯಂಥ ಕಡ್ಡಿಗಳು. ಇದೇ ರೋಗ ಇರಬೇಕು ಅಂದುಕೊಂಡೆ. ಅವು ನನ್ನದೇ ರೆಪ್ಪೆಯ ಕೂದಲು.

ಅಲ್ಲಿನ ತಾಂತ್ರಿಕ ಅಧಿಕಾರಿ ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ. ನಾವೆಲ್ಲ ಸಾರ್ ಎಂದೇ ಕರೆಯುತ್ತಿದ್ದೆವು. ದನಿ ಏರಿಸುತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಮೊದಲಿನಿಂದ ಶುರುಮಾಡಿದರು. ಕಣ್ಣನ್ನು ಗಾಜಿಗೆ ಅಂಟಿಸಬೇಡ, ಸ್ವಲ್ಪ ದೂರ ಇಡು ಎಂದರು. ಇನ್ನೊಂದು ಕಣ್ಣು ಮುಚ್ಚಬೇಡ, ಎರಡನ್ನೂ ತೆರೆದಿಡು, ಮುಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ತಲೆನೋವು ಬರುತ್ತದೆ ಎಂದರು. ಯಾವಾಗಲೂ ಕಡಿಮೆ ಶಕ್ತಿಯ ಮಸೂರದಿಂದಲೇ ಶುರು. ದೊಡ್ಡ ತಿರುಪನ್ನು ತಿರುಗಿಸುವಾಗ ಕಣ್ಣು ಮೇಲಿರಬಾರದು, ಪಕ್ಕಕ್ಕೆ ಬಗ್ಗಿ ಮಸೂರಕ್ಕೂ ಸ್ಲೈಡಿಗೂ ನಡುವಿನ ಸಂದನ್ನು ನೋಡುತ್ತಾ ಹತ್ತಿರ ತರಬೇಕು. ಆಮೇಲೆ ಮೇಲಿನಿಂದ ನೋಡುತ್ತಾ ದೂರ ಮಾಡುತ್ತಾ ಹೋಗಬೇಕು. ಹತ್ತಿರ ಮಾಡುತ್ತಾ ನೋಡಿದರೆ ಒಂದಲ್ಲ ಒಂದು ದಿನ ಮಸೂರ ಗಾಜಿಗೆ ಬಡಿಯುತ್ತದೆ. ನನ್ನ ಕೈಯಲ್ಲಿ ಮೊದಲ ವಾರವೇ ಒಂದು ಸ್ಲೈಡು ಪಟ್ಟೆಂದಿತು. ಮಸೂರ ಉಳಿಯಿತು. ಸಾರ್ ಅದನ್ನು ಬಟ್ಟೆಯಲ್ಲಿ ಒರೆಸಲು ಬಿಡಲಿಲ್ಲ. ರಬ್ಬರ್ ಬುಡ್ಡೆಯಿಂದ ಗಾಳಿ ಊದಿ ಗಾಜಿನ ಪುಡಿ ಹಾರಿಸಿ, ಆಮೇಲೆ ಮಸೂರದ ಕಾಗದದಲ್ಲಿ ಮೆಲ್ಲಗೆ ಒತ್ತಿದರು. ಸೀರೆ ಸೆರಗು, ಶರ್ಟಿನ ತುದಿ ಎರಡಕ್ಕೂ ಆ ಕೋಣೆಯಲ್ಲಿ ನಿಷೇಧ.

ಒಂದು ದಿನ ಊಟದ ಬಿಡುವಿನಲ್ಲಿ, ಇದು ದೊಡ್ಡದು ಮಾಡುವುದು ಹೇಗೆ ಸಾರ್ ಎಂದು ಕೇಳಿದೆ. ಅವರು ಡಬ್ಬಿ ಮುಚ್ಚಿ ಕೈ ತೊಳೆದು ಬಂದರು. ಹಳೇ ಪೇಪರಿನಿಂದ ‘ಅ’ ಅಕ್ಷರವಿದ್ದ ಚೂರೊಂದನ್ನು ಕತ್ತರಿಸಿ ಸ್ಲೈಡಿನ ಮೇಲಿಟ್ಟರು. ನೋಡಿದರೆ ‘ಅ’ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಕೂತಿತ್ತು. ಸ್ಲೈಡನ್ನು ಎಡಕ್ಕೆ ಸರಿಸಿದರೆ ಅದು ಬಲಕ್ಕೆ ಓಡಿತು. ಆಮೇಲೆ ಸಾರ್ ಕಣ್ಣಿಡುವ ಮಸೂರವನ್ನು ಕೊಳವೆಯಿಂದ ಹೊರಕ್ಕೆಳೆದರು. ತೆರೆದ ಬಾಯಿಯ ಮೇಲೆ ಬೆಣ್ಣೆ ಕಾಗದದ ಚೂರು ಹಾಸಿ, ಕಿಟಕಿ ಮುಚ್ಚಲು ಹೇಳಿ, ತಿರುಪನ್ನು ಕೊಂಚ ಆಡಿಸಿದರು. ಕಾಗದದ ಮೇಲೆ ಮಸುಕಾಗಿ ಅಕ್ಷರ ಮೂಡಿತು. ಕಣ್ಣಿಡದೆಯೇ ಕಾಣುತ್ತಿತ್ತು, ಸಿನಿಮಾ ಪರದೆಯ ಮೇಲೆ ಬಿದ್ದ ಹಾಗೆ.

“ಕೆಳಗಿನ ಮಸೂರದ ಕೆಲಸ ಇಷ್ಟೇ ಕಣಮ್ಮಾ,” ಎಂದರು. “ಅಲ್ಲಿರೋದನ್ನ ದೊಡ್ಡದು ಮಾಡಿ, ಅದರ ಚಿತ್ರಾನ ಕೊಳವೆಯೊಳಗೆ ತಂದು ನಿಲ್ಲಿಸತ್ತೆ. ಮೇಲಿನದು ಬರೀ ಭೂತಗನ್ನಡಿ. ನೀನು ನೋಡ್ತಿರೋದು ಚಿಟ್ಟೆಯನ್ನಲ್ಲ, ಅದರ ಚಿತ್ರಾನ.”

ಕೆಳಗಿನದು ನಲವತ್ತು ಪಟ್ಟು, ಮೇಲಿನದು ಹದಿನೈದು ಪಟ್ಟು, ಗುಣಿಸಿದರೆ ಆರುನೂರು. ನಾವು ದಿನವೂ ನೋಡುವುದು ಅಷ್ಟರಲ್ಲಿ. ಬಿ.ಎಸ್ಸಿ.ಯಲ್ಲಿ ಕಿರಣಗಳ ಗೆರೆ ಎಳೆದು ಅಂಕ ತೆಗೆದಿದ್ದೆ. ಅದು ನನಗೆ ಅರ್ಥವಾದದ್ದು ಆ ಬೆಣ್ಣೆ ಕಾಗದದ ಮೇಲೆ.

ಇನ್ನೊಂದು ಪಾಠ ಇದಕ್ಕಿಂತ ತಡವಾಗಿ ತಲೆಗೆ ಹೋಯಿತು. ಬೆಳಕು ಹೆಚ್ಚಿದಷ್ಟೂ ಚೆನ್ನಾಗಿ ಕಾಣುತ್ತದೆಂದು ನಾನು ಬಲ್ಬನ್ನು ಪೂರ್ತಿ ಏರಿಸಿಡುತ್ತಿದ್ದೆ. ರೋಗದ ಕಣ ಗಾಜಿನಷ್ಟು ಪಾರದರ್ಶಕ. ಹೆಚ್ಚು ಬೆಳಕು ಬಿಟ್ಟರೆ ಅದರೊಳಗೆ ಹಾದು ಹೋಗಿಬಿಡುತ್ತದೆ, ಅಲ್ಲಿ ಏನೋ ಇದೆ ಎಂಬ ಗುರುತೇ ಉಳಿಯುವುದಿಲ್ಲ. ಸ್ಲೈಡು ಇಡುವ ತಟ್ಟೆಯ ಅಡಿಯಲ್ಲಿ ಒಂದು ಸಣ್ಣ ಹಿಡಿ ಇದೆ. ಅದನ್ನು ಸರಿಸಿದರೆ ಬೆಳಕಿನ ಕಿಂಡಿ ಕಿರಿದಾಗುತ್ತದೆ. ಸಾರ್ ನನ್ನ ಕೈಮೇಲೆ ಕೈಯಿಟ್ಟು ಅದನ್ನು ಮೆಲ್ಲಗೆ ಮುಚ್ಚಿಸಿದರು. ಮಸುಕಿನ ನಡುವೆ ಒಂದೊಂದರ ಅಂಚೂ ಎದ್ದು ನಿಂತಿತು. ನಮ್ಮ ಹೊಲದಲ್ಲಿ ಎಳೆಬಿಸಿಲಿನ ಹೊತ್ತಿಗೆ ಹುಲ್ಲಿನ ಮೇಲಿನ ಜೇಡರ ಬಲೆಗಳೆಲ್ಲ ಕಾಣುತ್ತವೆ, ನಡು ಮಧ್ಯಾಹ್ನ ಒಂದೂ ಕಾಣುವುದಿಲ್ಲ. ಅದೇ ಲೆಕ್ಕ. ಆ ದಿನ ನನಗೆ ಮೊದಲ ಬಾರಿಗೆ ನಿಜವಾದ ರೋಗದ ಕಣ ಕಂಡಿತು. ಕಲಿಸುವುದಕ್ಕೆಂದೇ ಇಟ್ಟಿದ್ದ ಹಳೇ ಸ್ಲೈಡು. ಮೊಟ್ಟೆಯಾಕಾರ, ಒಳಗಿನಿಂದ ಬೆಳಗಿದಂಥ ತಣ್ಣನೆಯ ಹೊಳಪು. ಸಾಸಿವೆ ಕಾಳಿನ ಅಡ್ಡಗಲಕ್ಕೆ ಸಾಲಾಗಿ ನೂರಾರು ನಿಲ್ಲುವಷ್ಟು ಸಣ್ಣದು. ನೋಡುವುದಕ್ಕೆ ಚಂದವಾಗಿತ್ತು. ಹಾಗನ್ನಿಸಿದ್ದನ್ನು ಸಾರ್‌ಗೆ ಹೇಳಿದೆ. ಅವರಿಗೂ ಹಾಗೇ ಅನ್ನಿಸುತ್ತದಂತೆ.

ಆ ಶನಿವಾರ ಹಂಗಳಕ್ಕೆ, ನಮ್ಮೂರಿಗೆ, ಹೋದಾಗ ಅವ್ವ ಹಿತ್ತಲಲ್ಲಿ ಪೂಜೆಗೆ ಹೂ ಕೊಯ್ಯುತ್ತಿದ್ದಳು. ಹಣೆಯ ಮೇಲೆ ಆಗಷ್ಟೇ ಬಳಿದ ವಿಭೂತಿ. ನೀ ಅಲ್ಲಿ ದಿನಾ ಮಾಡೋ ಕೆಲಸ ಏನು ಎಂದು ಕೇಳಿದಳು. ನಾನು ಉತ್ಸಾಹದಲ್ಲಿ ಎಲ್ಲವನ್ನೂ ಹೇಳಿದೆ. ಅವ್ವನ ಕೈ ನಿಂತಿತು.

“ಮೊಟ್ಟೆ ಇಟ್ಟ ಬಾಣಂತೀನ ಅರೀತೀಯಾ?”

ಚಿಟ್ಟೆಗೆ ತಿನ್ನುವ ಬಾಯಿಯೇ ಇಲ್ಲ, ಮೊಟ್ಟೆ ಇಟ್ಟ ಮೇಲೆ ಅದು ಕೆಲವೇ ದಿನ ಬದುಕುವುದು, ಹೇಗೂ ಸಾಯುತ್ತದೆ ಎಂದೆ. ತಾಯಿಯನ್ನು ನೋಡದೆ ಮಕ್ಕಳ ಸ್ಥಿತಿ ಗೊತ್ತಾಗುವುದಿಲ್ಲ ಎಂದೆ. ರೋಗ ಇಲ್ಲದ್ದನ್ನೂ ಅರೆಯುತ್ತೀರಲ್ಲ ಎಂದು ಅವ್ವ ಕೇಳಿದಳು. ಅರೆದ ಮೇಲೇ ಇದೆಯೋ ಇಲ್ಲವೋ ತಿಳಿಯುವುದು ಎಂದೆ. ಅವ್ವ ಬುಟ್ಟಿಯ ಹೂವನ್ನು ಸುಮ್ಮನೆ ಒಮ್ಮೆ ಮೇಲೆ ಕೆಳಗೆ ಮಾಡಿದಳು.

“ಆಯ್ತು ಬುಡು, ಅದೂ ಒಂದ್ ಕೆಲ್ಸ. ಆದ್ರೆ ಅರೆಯಕ್ಕೆ ಮುಂಚೆ ಒಂದ್ಸಲ ಶಿವಾ ಅನ್ಬುಟ್ಟು ಮಾಡು ಕಣಮ್ಮಿ.”

ಅವತ್ತಿನಿಂದ ಬೆಳಗಿನ ಮೊದಲ ಚಿಟ್ಟೆಗೆ ಮುಂಚೆ ಮನಸ್ಸಿನಲ್ಲೇ ಒಂದು ಸಲ ಹಾಗಂದುಕೊಂಡು ಶುರುಮಾಡುತ್ತೇನೆ.

ನನ್ನ ಪಕ್ಕದ ಮೇಜಿನಲ್ಲಿ ನನಗಿಂತ ಮೊದಲೇ ಸೇರಿದ್ದ ಯುವಕರೊಬ್ಬರಿದ್ದರು. ಬದನಗುಪ್ಪೆಯ ಹತ್ತಿರದ ಊರಿನವರು. ಅವರ ತಮ್ಮ ಅಲ್ಲಿಯ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯಲ್ಲಿದ್ದ, ಇವರಿಗೆ ಮಾತ್ರ ಹುಳದ ಕೆಲಸವೇ ಇಷ್ಟ. ಮಾತು ಕಡಿಮೆ. ಸಂಜೆ ಹೊರಡುವ ಮುಂಚೆ ತಮ್ಮ ಸೂಕ್ಷ್ಮದರ್ಶಕದ ಜೊತೆ ನನ್ನದನ್ನೂ ಕಡಿಮೆ ಶಕ್ತಿಯ ಮಸೂರಕ್ಕೆ ತಿರುಗಿಸಿ, ಬೆಳಕು ಆರಿಸಿ, ಗವುಸು ಹೊದಿಸುತ್ತಿದ್ದರು. ನನ್ನನ್ನು ಮೇಡಂ ಎನ್ನುತ್ತಿದ್ದರು. ನಮ್ಮ ಕೋಣೆಯಲ್ಲಿ ಒಂದು ನಿಯಮವಿತ್ತು. ಯಾವುದೇ ಸ್ಲೈಡಿನ ಬಗ್ಗೆ ಒಬ್ಬರಿಗೆ ಅನುಮಾನ ಬಂದರೆ ಇನ್ನೊಬ್ಬರು ನೋಡಬೇಕು. ಇಬ್ಬರೂ ಒಪ್ಪಿದ ಮೇಲೇ ತೀರ್ಮಾನ.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದ ಹಾಗೆ ಪುಣಜನೂರಿನಿಂದ ಗೂಡು ಬಂತು. ಸತ್ಯಮಂಗಲದ ರಸ್ತೆಯಲ್ಲಿ, ಕಾಡಿನ ಅಂಚಿನ ಊರು ಅದು. ಗೂಡು ಬೆಳೆದಿದ್ದು ನಲವತ್ತು ದಾಟಿದ ಒಬ್ಬ ಹೆಂಗಸು. ಗಂಡ ಅರಣ್ಯ ಇಲಾಖೆಯಲ್ಲಿ ವಾಚರ್, ವಾರದಲ್ಲಿ ಅರ್ಧ ಕಾಡಿನಲ್ಲೇ. ಹಿಪ್ಪುನೇರಳೆ ತೋಟ, ಹುಳದ ಮನೆ ಎಲ್ಲ ಆಕೆಯದೇ ಯಜಮಾನಿಕೆ. ನಾವು ಅಕ್ಕ ಎನ್ನುತ್ತಿದ್ದೆವು. ಆಕೆಯ ಗೂಡೆಂದರೆ ಕೈಗೆತ್ತಿಕೊಂಡರೆ ಸಾಕು, ಗಟ್ಟಿ, ಒಂದೇ ಅಳತೆ. ಬಿತ್ತನೆ ಗೂಡು ಕೊಡುವ ರೈತರಲ್ಲಿ ತಾನೂ ಒಬ್ಬಳು ಎಂಬ ಹೆಮ್ಮೆ ಆಕೆಗಿತ್ತು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ.

ಆ ಗೂಡಿನ ಚಿಟ್ಟೆಗಳನ್ನು ನೋಡುವ ದಿನ ಸಾರ್ ಮೈಸೂರಿಗೆ ಮೀಟಿಂಗಿಗೆ ಹೋಗಿದ್ದರು. ಬೆಳಗ್ಗೆಯಿಂದ ಎಲ್ಲ ಸ್ವಚ್ಛ. ಚಿಟ್ಟೆಯ ಮೈಯ ಚೂರು, ಕೊಬ್ಬಿನ ಹನಿ, ರೆಕ್ಕೆಯ ಹೊಟ್ಟು. ಊಟ ಮುಗಿಸಿ ಬಂದು ಕೂತ ಮೇಲೆ ಒಂದು ಸ್ಲೈಡಿನ ಮೂಲೆಯಲ್ಲಿ ಏನೋ ಹೊಳೆಯಿತು. ಒಂದೇ ಒಂದು. ಉದ್ದನೆಯ ಮೊಟ್ಟೆಯಾಕಾರ. ನಿಂತಲ್ಲೇ ಸಣ್ಣಗೆ ನಡುಗುತ್ತಿತ್ತು.

ಪಕ್ಕದವರನ್ನು ಕರೆದೆ. ಅವರು ಬಂದು ಬಗ್ಗಿ ಬಹಳ ಹೊತ್ತು ನೋಡಿದರು. ಕೊಬ್ಬಿನ ಹನಿ ಇರಬೇಕು ಎಂದರು. ಕೊಬ್ಬಿನ ಹನಿ ದುಂಡಗಿರುತ್ತದೆ, ಇದು ಉದ್ದ ಎಂದೆ. ಎರಡು ಹನಿ ಅಂಟಿಕೊಂಡಿದ್ದರೂ ಉದ್ದ ಕಾಣುತ್ತದೆ ಎಂದರು. ಅದೂ ಸರಿಯೇ. ಅಕ್ಕನ ಗೂಡಿನಲ್ಲಿ ರೋಗ ಇರುತ್ತದೆಂದು ನಂಬಲು ಅವರಿಗೂ ಇಷ್ಟವಿರಲಿಲ್ಲ, ನನಗೂ ಇರಲಿಲ್ಲ. ಆದರೆ ಕಂಡದ್ದನ್ನು ಕಂಡಿಲ್ಲ ಎನ್ನಲು ಮನಸ್ಸು ಒಪ್ಪಲಿಲ್ಲ.

ನಾನು ಮೊಬೈಲನ್ನು ಕಣ್ಣಿಡುವ ಮಸೂರದ ಮೇಲೆ ಹಿಡಿದು ಫೋಟೋ ತೆಗೆಯಲು ಹೊರಟೆ. ಕೈ ಒಂದು ಕೂದಲೆಳೆ ಸರಿದರೂ ಪರದೆ ಕಪ್ಪಾಗುತ್ತಿತ್ತು. ಕಡೆಗೆ ಒಂದು ಸಿಕ್ಕಿತು. ಸಾರ್‌ಗೆ ಕಳಿಸಿದೆ. ಅವರಿಂದ ಕೂಡಲೇ ಫೋನು ಬಂತು.

“ಫೋಟೋದಲ್ಲಿ ನನಗೇನು ಗೊತ್ತಾಗತ್ತಮ್ಮಾ. ಸಣ್ಣ ತಿರುಪನ್ನ ಮೇಲೂ ಕೆಳಗೂ ಆಡಿಸಿ ನೋಡಿ. ಅದೇ ಗುಂಪಿನ ಬೇರೆ ಚಿಟ್ಟೆಗಳನ್ನೂ ಅರೆಯಿರಿ. ತೀರ್ಮಾನ ನೀವಿಬ್ಬರೂ ಮಾಡಿ, ನನ್ನ ಕಾಯಬೇಡಿ.”

ಸಣ್ಣ ತಿರುಪನ್ನು ಆಡಿಸಿದೆ. ಫೋಕಸ್ಸು ಏರಿಳಿದ ಹಾಗೆ ಆ ಕಣ ಬೆಳ್ಳಗೆ ಬೆಳಗಿ, ಕಪ್ಪಾಗಿ, ಮತ್ತೆ ಬೆಳಗಿತು. ಅಂಚು ಚೂಪಾಗಿಯೇ ಉಳಿಯಿತು, ಆಕಾರ ಕದಲಲಿಲ್ಲ. ಫೋಟೋದಲ್ಲಿ ಇದು ಬರುವುದಿಲ್ಲ, ಕೈ ತಿರುಪಿನ ಮೇಲೆ ಇದ್ದಾಗಲೇ ತಿಳಿಯುವುದು. ಇಬ್ಬರೂ ಉಳಿದ ಚಿಟ್ಟೆಗಳನ್ನು ಹಂಚಿಕೊಂಡು ಅರೆಯುತ್ತಾ ಹೋದೆವು. ನನ್ನ ಸ್ಲೈಡುಗಳಲ್ಲಿ ಏನೂ ಸಿಗಲಿಲ್ಲ. ನಾನೇ ತಪ್ಪು ನೋಡಿದೆನೇನೋ ಎಂದು ಒಳಗೊಳಗೇ ಹಗುರಾಗುತ್ತಿದ್ದೆ. ಆಗ ಪಕ್ಕದ ಮೇಜಿನಿಂದ ಮೆಲುದನಿ ಬಂತು.

“ಮೇಡಂ, ಇಲ್ಲಿ ಬನ್ನಿ. ನೀವು ಹೇಳಿದ್ದೇ ಸರಿ.”

ಅವರ ಸ್ಲೈಡಿನಲ್ಲಿ ಒಂದಲ್ಲ, ಗುಂಪು ಗುಂಪಾಗಿ ಇದ್ದವು. ಮಾರನೆಯ ಬೆಳಗ್ಗೆ ಆ ಮೊಟ್ಟೆ ಹಾಳೆಗಳನ್ನೆಲ್ಲ ಹಿಂದಿನ ಗುಂಡಿಯಲ್ಲಿ ಸುಟ್ಟೆವು. ಹಾಳೆ ಸುರುಳಿ ಸುತ್ತಿಕೊಂಡು ಉರಿಯುತ್ತಿದ್ದುದನ್ನು ನೋಡಲಾಗದೆ ನಾನು ಹೊಂಗೆಮರದ ಕಡೆಗೆ ಬಂದು ನಿಂತೆ.

ಸುದ್ದಿ ತಿಳಿದು ಅಕ್ಕ ಮೊದಲ ಬಸ್ಸಿಗೇ ಬಂದಳು. ಸಾರ್ ಅಷ್ಟು ಹೊತ್ತಿಗೆ ಮೈಸೂರಿನಿಂದ ವಾಪಸಾಗಿದ್ದರು. ಆಕೆ ಜಗಳಕ್ಕೆ ಬರಲಿಲ್ಲ. ಬಾಗಿಲಲ್ಲಿ ನಿಂತು, ನಾನು ಏನು ಕಮ್ಮಿ ಮಾಡಿದೆ, ದಿನಾ ಕೈ ತೊಳೆಯದೆ ಸೊಪ್ಪು ಮುಟ್ಟಿಲ್ಲ, ಮನೆಗೆ ಬೇರೆಯವರನ್ನು ಬಿಟ್ಟಿಲ್ಲ ಎಂದು ಒಂದೊಂದಾಗಿ ಹೇಳುತ್ತಾ ಹೋದಳು. ದನಿ ಸಣ್ಣದಾಗುತ್ತಾ ಬಂತು. ಸಾರ್ ಕುಳ್ಳಿರಿಸಿ ನೀರು ಕೊಡಿಸಿದರು. ಆಕೆ ಕುಡಿಯದೆ ಲೋಟ ಹಿಡಿದೇ ಕೂತಿದ್ದಳು. ನೀವೇ ಬಂದು ನೋಡಿ ಅಕ್ಕ ಎಂದೆ.

ಗುಂಪು ಗುಂಪಾಗಿ ಕಂಡಿದ್ದ ಆ ಸ್ಲೈಡನ್ನು ಇಟ್ಟು, ಆಕೆಯನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಮೊದಲು ಆಕೆಗೂ ಏನೂ ಕಾಣಲಿಲ್ಲ. ಒಂದು ಕಣ್ಣು ಮುಚ್ಚಿದರೆ ಇನ್ನೊಂದೂ ಮುಚ್ಚಿಕೊಳ್ಳುತ್ತಿತ್ತು. ಎಡಗಣ್ಣಿಗೆ ಒಂದು ರಟ್ಟು ಅಡ್ಡ ಹಿಡಿದೆ. ದುಂಡಗೆ ಬೆಳಕು ಕಾಣುತ್ತಿದೆ ಎಂದಳು. ಆಕೆಯ ಬೆರಳನ್ನು ಸಣ್ಣ ತಿರುಪಿನ ಮೇಲಿಟ್ಟು, ನೀವೇ ಮೆಲ್ಲಗೆ ತಿರುಗಿಸಿ, ಚೆನ್ನಾಗಿ ಕಂಡ ಕಡೆ ನಿಲ್ಲಿಸಿ ಎಂದೆ. ಸೊಪ್ಪು ಕೊಯ್ದು ಒರಟಾದ ಬೆರಳು. ಆದರೆ ತಿರುಪನ್ನು ಹಿಡಿದದ್ದು ಎಳೇ ಹುಳುವನ್ನು ಹಿಡಿದ ಹಾಗೆ. ಒಂದು ಹಂತದಲ್ಲಿ ಬೆರಳು ನಿಂತಿತು.

“ಜೀರಿಗೆಸಣ್ಣ ಅಕ್ಕಿ ಚೆಲ್ದಂಗ್ ಅವೆ,” ಎಂದಳು. “ಇವೇನಾ?”

ಇವೇ ಎಂದೆ. ಆಕೆ ಕಣ್ಣು ತೆಗೆಯಲಿಲ್ಲ. ನಾನು ಸ್ಲೈಡನ್ನು ಕೊಂಚ ಸರಿಸಿ ಬೇರೆ ಕಡೆ ತೋರಿಸಿದೆ. ಅಲ್ಲೂ ಇದ್ದವು. ಬಹಳ ಹೊತ್ತಿನ ಮೇಲೆ ತಲೆಯೆತ್ತಿದಾಗ ಬಂದಾಗಿನ ಮುಖ ಇರಲಿಲ್ಲ.

“ಇಷ್ಟ್ ಸಣ್ಣದು, ನನ್ ಕಣ್ಗೆ ಎಂಗವ್ವ ಕಂಡದು? ನಾನ್ ಕೆಟ್ಟದಾಗ್ ಸಾಕ್ದೆ ಅಂತ ರಾತ್ರಿಯೆಲ್ಲ ಕೊರಗ್ಬುಟ್ಟೆ.”

ಹಾಗೆಂದು ನೀರು ಕುಡಿದಳು. ಆಮೇಲೆ ಇವು ಎಲ್ಲಿಂದ ಬಂದವು ಎಂದು ಸಾರ್‌ನ ಕೇಳಿದಳು. ಅದನ್ನು ಹುಡುಕದೆ ಮುಂದಿನ ಬೆಳೆ ಇಡುವಂತಿಲ್ಲ ಎಂದರು ಸಾರ್. ನಮ್ಮಿಬ್ಬರನ್ನೂ ಪುಣಜನೂರಿಗೆ ಹೋಗಿ ಹುಳದ ಮನೆಯ ಧೂಳು ಪರೀಕ್ಷೆ ಮಾಡಲು ಹೇಳಿದರು. ಅಲ್ಲಿ ಕರೆಂಟನ್ನು ನೆಚ್ಚುವಂತಿರಲಿಲ್ಲ. ಬೀರುವಿನಲ್ಲಿ ಒಂದು ಹಳೆಯ ಸೂಕ್ಷ್ಮದರ್ಶಕವಿತ್ತು, ಬಲ್ಬಿನ ಬದಲು ಕೆಳಗೆ ಕನ್ನಡಿ ಇರುವಂಥದ್ದು. ಅದನ್ನೇ ಮರದ ಪೆಟ್ಟಿಗೆಯಲ್ಲಿಟ್ಟು ಕಳಿಸಿದರು.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ಪಕ್ಕದ ಮೇಜಿನವರು ತೊಡೆಯ ಮೇಲಿಟ್ಟುಕೊಂಡರು. ಎತ್ತುವಾಗ ಒಂದು ಕೈ ಹಿಂಬದಿಯ ತೋಳಿಗೆ, ಇನ್ನೊಂದು ಕೈ ಬುಡಕ್ಕೆ, ಪೆಟ್ಟಿಗೆಯಲ್ಲಿದ್ದಾಗಲೂ ಓರೆ ಮಾಡಬಾರದು ಎಂಬುದು ಅವರ ಕಟ್ಟುನಿಟ್ಟು. ಹೊಂಡ ಬಂದಾಗಲೆಲ್ಲ ಪೆಟ್ಟಿಗೆಯನ್ನು ಕೈಯಲ್ಲಿ ಕೊಂಚ ಎತ್ತಿ ಹಿಡಿಯುತ್ತಿದ್ದರು. ಕಂಡಕ್ಟರ್ ಇದನ್ನು ನೋಡುತ್ತಾ ಬಂದು, ದೇವರಾ ಎಂದು ಕೇಳಿದ. ಸೂಕ್ಷ್ಮದರ್ಶಕ ಎಂದೆವು. ಅವನಿಗೆ ಏನನ್ನಿಸಿತೋ, ಲಗೇಜು ಚೀಟಿ ಹರಿಯದೆ ಮುಂದೆ ಹೋದ.

ಅಕ್ಕನ ಮನೆಯ ಅಂಗಳದಲ್ಲಿ ಒಂದು ಕಲ್ಲಿನ ಜಗಲಿ ಇತ್ತು. ಅದರ ಮೇಲೆ ಸೂಕ್ಷ್ಮದರ್ಶಕ ಇಟ್ಟೆವು. ಕನ್ನಡಿಯನ್ನು ನೇರ ಸೂರ್ಯನಿಗೆ ಹಿಡಿಯಬಾರದು, ಕಣ್ಣು ಹೋಗುತ್ತದೆ. ಎದುರಿಗೆ ಸುಣ್ಣ ಬಳಿದ ಗೋಡೆ ಬಿಸಿಲಿಗೆ ಬೆಳಗುತ್ತಿತ್ತು. ಕನ್ನಡಿಯ ಒಂದು ಮುಖ ಚಪ್ಪಟೆ, ಇನ್ನೊಂದು ಮುಖ ತಟ್ಟೆಯ ಹಾಗೆ ತಗ್ಗು. ತಗ್ಗಿನ ಮುಖ ಮೇಲೆ ಮಾಡಿ ಆ ಗೋಡೆಯ ಬೆಳಕನ್ನು ಹಿಡಿದಾಗ ಒಳಗೆ ಹಾಲು ಚೆಲ್ಲಿದ ಹಾಗೆ ತುಂಬಿಕೊಂಡಿತು. ನಮ್ಮ ಕೋಠಿಯ ಬಲ್ಬಿಗಿಂತ ಆ ಬೆಳಕು ನನಗೆ ಹಿಡಿಸಿತು.

ಹುಳದ ಮನೆಯ ನೆಲ, ಕಿಟಕಿಯ ಮೂಲೆ, ಸ್ಟ್ಯಾಂಡಿನ ಕಾಲು, ಬಿದಿರಿನ ತಟ್ಟೆಗಳ ಸಂದು, ಹೀಗೆ ಒಂದೊಂದರ ಧೂಳನ್ನೂ ಬೇರೆ ಬೇರೆ ಬಾಟಲಿಯಲ್ಲಿ ಕ್ಷಾರದ ನೀರಿಗೆ ಹಾಕಿದೆವು. ಅವರು ಹನಿ ತೆಗೆದು ಸ್ಲೈಡು ಮಾಡಿದರು, ನಾನು ನೋಡಿದೆ, ಆಮೇಲೆ ಜಾಗ ಬದಲಿಸಿದೆವು. ನೆಲದಲ್ಲಿ ಏನೂ ಇಲ್ಲ. ಕಿಟಕಿಯಲ್ಲಿ ಇಲ್ಲ. ಸ್ಟ್ಯಾಂಡಿನಲ್ಲಿ ಇಲ್ಲ. ಒಂದೊಂದಕ್ಕೂ ಅಕ್ಕ ನಮ್ಮ ಮುಖ ನೋಡುತ್ತಿದ್ದಳು. ತಟ್ಟೆಗಳ ಧೂಳು ಇಟ್ಟಾಗ ಕೆಲವು ಸ್ಲೈಡುಗಳಲ್ಲಿ ಅವು ಎದ್ದು ಕಂಡವು, ಉಳಿದವುಗಳಲ್ಲಿ ಅಲ್ಲೊಂದು ಇಲ್ಲೊಂದು. ಇವು ಯಾವ ತಟ್ಟೆಯವು ಎಂದು ಕೇಳಿದೆ. ಅಕ್ಕ ತಟ್ಟೆಗಳ ಹತ್ತಿರ ಹೋಗಿ, ತಿರುವಿ ನೋಡಿ, ಅಲ್ಲೇ ನಿಂತಳು. ಅವು ಆಕೆಯವಲ್ಲ. ಗಡಿಯಾಚೆ ತಾಳವಾಡಿಯಲ್ಲಿ ಆಕೆಯ ತಂಗಿ ಇದ್ದಳು. ಈ ಸಲ ಹುಳ ಹೆಚ್ಚಾಗಿ ತಟ್ಟೆ ಸಾಲದೆ ಬಂದಾಗ ಅವಳಿಂದ ತಂದಿದ್ದಳು.

ಅಕ್ಕ ಅಲ್ಲಿಂದಲೇ ತಂಗಿಗೆ ಫೋನು ಮಾಡಿದಳು. ಅರ್ಧ ಕನ್ನಡ, ಅರ್ಧ ತಮಿಳು. ಬೈಗುಳ ಬರುತ್ತದೆಂದು ನಾವು ಆ ಕಡೆ ಮುಖ ತಿರುಗಿಸಿದೆವು. ಆಕೆ ಕೇಳಿದ್ದು, ಹಿಂದಿನ ಬೆಳೆಯಲ್ಲಿ ನಿನ್ನ ಹುಳ ಒಂದು ದೊಡ್ಡದು ಒಂದು ಚಿಕ್ಕದು ಆಗಿದ್ದವಾ ಎಂದು. ಗಂಟುರೋಗದ ಗುರುತು ಅದು. ಹೌದಂತೆ, ಆ ಬೆಳೆ ಗೂಡು ಕಟ್ಟದೆ ಹೋಯಿತಂತೆ, ಸೊಪ್ಪು ಸರಿಯಿರಲಿಲ್ಲ ಅಂದುಕೊಂಡು ಸುಮ್ಮನಾಗಿದ್ದಳಂತೆ. ಇನ್ನು ಮೇಲೆ ಯಾರಿಗೂ ತಟ್ಟೆ ಕೊಡಬೇಡ, ಏನು ಮಾಡಬೇಕೆಂದು ನಾನೇ ಬಂದು ತೋರಿಸಿಕೊಡುತ್ತೇನೆ ಎಂದು ಹೇಳಿ ಫೋನಿಟ್ಟಳು. ನಮ್ಮ ಕಡೆ ತಿರುಗಿ, “ನಾ ಏನ್ ಬಯ್ಯನ. ಆ ರೋಗದ್ ಪೂಚಿ ಅವ್ಳ್ ಕಣ್ಗೂ ಬಿದ್ದಿಲ್ಲ, ನನ್ ಕಣ್ಗೂ ಬಿದ್ದಿಲ್ಲ,” ಎಂದಳು.

ಅಷ್ಟರಲ್ಲಿ ಅಕ್ಕಪಕ್ಕದವರೆಲ್ಲ ಅಂಗಳದಲ್ಲಿ ನೆರೆದಿದ್ದರು. ಕೆಲಸ ಮುಗಿದ ಮೇಲೆ ಪೆಟ್ಟಿಗೆಗೆ ಹಾಕಲು ಹೊರಟರೆ ಯಾರೂ ಬಿಡಲಿಲ್ಲ. ಒಬ್ಬರು ಉಪ್ಪಿನ ಹರಳು ತಂದರು, ಅದು ಚೌಕ ಚೌಕವಾಗಿ ಕಂಡಿತು. ಒಬ್ಬಾಕೆ ಮಲ್ಲಿಗೆ ಮೊಗ್ಗು ಬಿಡಿಸಿ ಕೊಟ್ಟಳು. ಹಿಪ್ಪುನೇರಳೆ ಎಲೆಯ ಸಿಪ್ಪೆ ಎಬ್ಬಿಸಿ ಇಟ್ಟಾಗ ಅದರ ಅಡಿಯಲ್ಲಿ ಸಾಲು ಸಾಲು ತುಟಿಗಳಂಥ ರಂಧ್ರ ಕಂಡವು. ಎಲೆ ಉಸಿರಾಡುವುದು ಅಲ್ಲಿಂದ ಎಂದು ನನ್ನ ಜೊತೆ ಬಂದಿದ್ದವರು ಹೇಳಿದರು. ದಿನಕ್ಕೆ ಅಷ್ಟೊಂದು ಹೊರೆ ಸೊಪ್ಪು ಕೊಯ್ಯುವ ಆ ಹೆಂಗಸರು ಅದನ್ನು ಸರದಿಯಲ್ಲಿ ನಿಂತು ಎರಡೆರಡು ಸಲ ನೋಡಿದರು. ಪಕ್ಕದ ಮನೆಯ ಮುದುಕರೊಬ್ಬರು ನಶ್ಯ ಇಟ್ಟು ನೋಡಿ, ಇಂಥ ಕಸವನ್ನಾ ನಾನು ಇಷ್ಟು ಕಾಲ ಮೂಗಿಗೆ ಏರಿಸಿದ್ದು ಎಂದು ಡಬ್ಬಿಯನ್ನೊಮ್ಮೆ ದುರುಗುಟ್ಟಿ, ಅದರಿಂದಲೇ ಒಂದು ಚಿಟಿಕೆ ಏರಿಸಿದರು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಎರಡು ದಿನದಲ್ಲಿ ಅದೇ ಮೊದಲು ಅಂತ ಆಮೇಲೆ ಹೇಳಿದಳು.

ಬಿಸಿಲು ಗೋಡೆಯಿಂದ ಜಾರಿ ಹೋದಾಗ ಒಳಗಿನ ಬೆಳಕೂ ಹೋಯಿತು. ಆನೆ ರಸ್ತೆಗಿಳಿಯುವ ಹೊತ್ತು, ಈಗ ಬರುವ ಬಸ್ಸು ತಪ್ಪಿಸಿಕೊಳ್ಳಬೇಡಿ ಎಂದು ಅಕ್ಕನೇ ನಮ್ಮನ್ನು ಹೊರಡಿಸಿದಳು.

ಬಸ್ಸು ಸುಮಾರು ದೂರ ಬಂದಿತ್ತು. ಅವರು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು.

“ನಿಮ್ಮ ಕಣ್ಣು ಚೆನ್ನಾಗಿದೆ.”

ನಾನು ತಟ್ಟನೆ ತಿರುಗಿ ನೋಡಿದೆ. ಅವರು ಗಾಬರಿಯಾಗಿ, ನೋಟ ಚುರುಕಾಗಿದೆ ಎಂದು ಹೇಳಿದ್ದು, ಆ ಒಂದು ಕಣವನ್ನು ಹಿಡಿದಿರಲ್ಲ ಅದಕ್ಕೆ, ಎಂದು ಬಿಡಿಸಿ ಹೇಳಿದರು. ಅವರ ಮುಖ ಕಿವಿಯವರೆಗೂ ಕೆಂಪಾಗಿತ್ತು. ಕೊಬ್ಬಿನ ಹನಿ ಅಂದವರು ನೀವೇ ಅಲ್ಲವಾ ಎಂದೆ. ಹೌದು, ಅದಕ್ಕೇ ಹೇಳಿದೆ ಎಂದರು. ನನಗೆ ನಗು ಬಂತು. ಊರು ಬರುವವರೆಗೆ ಪೆಟ್ಟಿಗೆಯನ್ನು ನಾನು ಹಿಡಿದುಕೊಂಡೆ.

ಅಕ್ಕ ತಂಗಿಯ ತಟ್ಟೆಗಳ ಜೊತೆ ತನ್ನ ಹಳೇ ಬಿದಿರಿನ ತಟ್ಟೆಗಳನ್ನೂ ಸುಟ್ಟಳು. ಬ್ಲೀಚಿಂಗ್ ಪುಡಿ, ಸುಣ್ಣ ಬೆರೆಸಿ ಗೋಡೆ ಸೂರು ಎಲ್ಲ ತೊಳೆದು, ಒಂದು ಬೆಳೆ ಬಿಟ್ಟು ಮನೆಯನ್ನು ಖಾಲಿ ಒಣಗಿಸಿದಳು. ಮೂಲೆಯ ಧೂಳನ್ನು ಬಾಟಲಿಗೆ ಹಾಕಿ ಬಸ್ಸಿನವರ ಕೈಯಲ್ಲಿ ಎರಡು ಸಲ ಕಳಿಸಿದಳು. ಸಾರ್ ಒಪ್ಪಿದ ಮೇಲೆ ಮತ್ತೆ ಹುಳ ಇಟ್ಟಳು. ಆ ಗೂಡು ಬಂದು, ಚಿಟ್ಟೆ ಎದ್ದು, ಮೊಟ್ಟೆ ಇಟ್ಟ ಮೇಲೆ ನಾವಿಬ್ಬರೂ ಪ್ರತಿಯೊಂದು ಸ್ಲೈಡನ್ನೂ ನೋಡಿದೆವು. ಆಮೇಲೆ ಜಾಗ ಬದಲಿಸಿ ಮತ್ತೆ ನೋಡಿದೆವು. ಕೊಬ್ಬಿನ ಹನಿ, ರೆಕ್ಕೆಯ ಹೊಟ್ಟು, ಅಷ್ಟೇ. ನಾನು ಅಕ್ಕನಿಗೆ ಫೋನು ಮಾಡಿ ಹೇಳಿದೆ.

“ಚೆನ್ನಾಗ್ ನೋಡಿದ್ದೀಯೇನವ್ವ?”

“ಇಬ್ಬರೂ ನೋಡಿದ್ದೀವಿ ಅಕ್ಕ.”

ಮಾರನೆಯ ದಿನ ಒಂದು ಚೀಲ ಅವರೆಕಾಯಿ ಹೊತ್ತು ಕೋಠಿಗೆ ಬಂದಳು. ಈಗ ಅವಳ ತಂಗಿಯೂ ನಮ್ಮಿಂದಲೇ ಮೊಟ್ಟೆ ಒಯ್ಯುತ್ತಾಳೆ.

ಅದರ ಮುಂದಿನ ಬೇಸಿಗೆಯಲ್ಲಿ ಪಕ್ಕದ ಮೇಜಿನವರ ಅಮ್ಮ, ತಮ್ಮ ಇಬ್ಬರೂ ಹಂಗಳಕ್ಕೆ ಬಂದು ಹೆಣ್ಣು ಕೇಳಿದರು. ಅಪ್ಪ ಎರಡು ದಿನ ಯೋಚಿಸಿ ಒಪ್ಪಿದರು. ಹುಡುಗ ಹೆಚ್ಚು ಮಾತಾಡುವುದಿಲ್ಲ ಎಂಬುದೊಂದೇ ಅಪ್ಪನ ತಕರಾರು. ಮದುವೆಯಾಗಿ ಕೆಲವು ವರ್ಷಗಳಾದವು. ಸಾರ್ ನಿವೃತ್ತರಾಗಿದ್ದಾರೆ. ಕೋಠಿಗೆ ಎರಡು ಕಣ್ಣಿಡುವ, ಎಲ್ಇಡಿ ಬೆಳಕಿನ ಹೊಸ ಸೂಕ್ಷ್ಮದರ್ಶಕಗಳು ಬಂದಿವೆ. ಎರಡು ಕಣ್ಣಿನ ಅಂತರ ಒಬ್ಬೊಬ್ಬರಿಗೂ ಬೇರೆ, ಅದಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿಕೊಳ್ಳಬೇಕು. ಇತ್ತೀಚೆಗೆ ನಮ್ಮ ಮನೆಯವರಿಗೆ ಕನ್ನಡಕ ಬಂದಿದೆ. ನೋಡುವಾಗ ಅದನ್ನು ತೆಗೆದು ಹಣೆಗೇರಿಸುತ್ತಾರೆ, ಕಣ್ಣಿನ ಕೊರತೆಯನ್ನು ತಿರುಪೇ ತುಂಬಿಕೊಡುತ್ತದೆ. ಹಾಗಾಗಿ ಇವರು ಹೊಂದಿಸಿಟ್ಟ ಫೋಕಸ್ಸು ನನಗೆ ಹೊಂದುವುದಿಲ್ಲ, ನನ್ನದು ಇವರಿಗೆ ಮಂಜು. ಅನುಮಾನ ಬಂದಾಗ ಇವರು ಈಗಲೂ ಕರೆಯುತ್ತಾರೆ, ಕೋಣೆಯಲ್ಲಿ ಮಾತ್ರ ಈಗಲೂ ಮೇಡಂ ಎಂದೇ. ನಾನು ಎದ್ದು ಹೋಗಿ, ಇವರು ಬಿಟ್ಟ ಬೆಚ್ಚನೆಯ ಕುರ್ಚಿಯಲ್ಲಿ ಕೂತು, ಅಂತರ ಸರಿಮಾಡಿ, ತಿರುಪನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿಕೊಂಡು ನೋಡುತ್ತೇನೆ. ಮೊನ್ನೆ ಕರೆದದ್ದು ಒಂದು ಹೂವಿನ ಪರಾಗಕ್ಕೆ, ಮೈತುಂಬ ಮುಳ್ಳಿದ್ದ ಹಳದಿ ಉಂಡೆ, ಹೊರಗಿನಿಂದ ಗಾಳಿಗೆ ತೂರಿ ಬಂದದ್ದು. ರೋಗವಲ್ಲ ಎಂಬುದು ಇವರಿಗೆ ಗೊತ್ತಿತ್ತು. ಚೆನ್ನಾಗಿತ್ತು, ಅದಕ್ಕೆ ಕರೆದೆ ಎಂದರು.